ಲಿಂಕರ್ ಬರೆದ ವಿಳಾಸ, ಕರ್ನಲ್ ಕೂತ ಜಾಗ

ಆಪರೇಟಿಂಗ್ ಸಿಸ್ಟಂನ ಕರ್ನಲ್ ಮೆಮೊರಿಯಲ್ಲಿ ಎಲ್ಲಿ ಕೂರಬೇಕು, ಅದರ ಯಾವ ಭಾಗ ಯಾವುದರ ಪಕ್ಕದಲ್ಲಿರಬೇಕು ಎಂಬುದನ್ನು ಲಿಂಕರ್ ತೀರ್ಮಾನಿಸುತ್ತದೆ ಎಂಬ ಮಾತು ಕಂಪ್ಯೂಟರ್ ಸೈನ್ಸ್ ಓದಿದವರಲ್ಲಿ ಬಹುಮಟ್ಟಿಗೆ ಒಪ್ಪಿತವಾದದ್ದು. ಈ ಮಾತಿನ ಎರಡನೆಯ ಅರ್ಧ ನಿಜ, ಮೊದಲನೆಯ ಅರ್ಧ ನಿಜವಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ನಿಜವಾದ ಅರ್ಧಕ್ಕೆ ಸಿಗಬೇಕಾದ ಗಮನ ಸಿಗದೆ, ನಿಜವಲ್ಲದ ಅರ್ಧವೇ ಪರೀಕ್ಷೆಯ ಉತ್ತರಗಳಲ್ಲೂ ಸಂದರ್ಶನಗಳಲ್ಲೂ ಗಟ್ಟಿಯಾಗಿ ಉಳಿದುಬಿಟ್ಟಿದೆ.

ಈ ನಂಬಿಕೆಗೆ ಆಧಾರವೇ ಇಲ್ಲವೆಂದಲ್ಲ. ಅದರ ಪರವಾಗಿ ಮೂರು ಸಂಗತಿಗಳನ್ನು ಹೇಳಬಹುದು. (1) ಕರ್ನಲ್‌ನ ಲಿಂಕರ್ ಸ್ಕ್ರಿಪ್ಟ್ ತೆರೆದರೆ ಮೊದಲಿಗೇ ಒಂದು ವಿಳಾಸ ಕಾಣುತ್ತದೆ. ‘ಇಲ್ಲಿಂದ ಶುರು ಮಾಡು’ ಎಂದು ಲಿಂಕರ್‌ಗೆ ಅಲ್ಲಿ ಆದೇಶ ಕೊಟ್ಟಿರುತ್ತದೆ. (2) ಲಿಂಕ್ ಆದ ಮೇಲೆ ಹುಟ್ಟುವ ಸಿಸ್ಟಂ ಮ್ಯಾಪ್ ಎಂಬ ಕಡತದಲ್ಲಿ ಪ್ರತಿ ಫಂಕ್ಷನ್ನಿನ ಎದುರಿಗೂ ಒಂದು ವಿಳಾಸವಿರುತ್ತದೆ. ಹಳೆಯ ಕರ್ನಲ್ ಕುಸಿದುಬಿದ್ದಾಗ ಪರದೆಯ ಮೇಲೆ ಮೂಡುತ್ತಿದ್ದ ವಿಳಾಸಗಳು ಆ ಪಟ್ಟಿಯೊಂದಿಗೆ ಅಂಕಿ ಅಂಕಿಗೂ ಹೊಂದುತ್ತಿದ್ದವು. (3) ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡುಗಳಲ್ಲಿ ಲಿಂಕರ್ ಬರೆದ ವಿಳಾಸವೂ ಚಿಪ್ಪಿನ ನಿಜವಾದ ವಿಳಾಸವೂ ಒಂದೇ ಆಗಿರುತ್ತವೆ. ಇಷ್ಟನ್ನು ಕಣ್ಣಾರೆ ಕಂಡವರು ‘ಜಾಗ ಕೊಡುವುದು ಲಿಂಕರ್ರೇ’ ಎಂದರೆ ಅದನ್ನು ದಡ್ಡತನ ಎನ್ನಲಾಗದು. ಆದರೆ ಈ ಮೂರೂ ಸಂಗತಿಗಳು ಸಾಬೀತು ಮಾಡುವುದು ಲಿಂಕರ್ ವಿಳಾಸಗಳನ್ನು *ಬರೆಯುತ್ತದೆ* ಎಂಬುದನ್ನು ಮಾತ್ರ. ಬರೆದ ವಿಳಾಸದಲ್ಲಿ ಯಾರು ಏನನ್ನು ಇಡುತ್ತಾರೆ ಎಂಬುದು ಬೇರೆಯೇ ಪ್ರಶ್ನೆ.

ಗೊಂದಲದ ಬೇರು ಪಾಠದ ಕ್ರಮದಲ್ಲಿದೆ. 1960ರಲ್ಲಿ ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಆರಂಭವಾದಾಗ ಕರ್ನಲ್ ಎಂಬ ಮಾತು ಪಠ್ಯದಲ್ಲಿರಲು ಸಾಧ್ಯವಿರಲಿಲ್ಲ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದ ಮೇಲೆ ರಾಜ್ಯದ ಕಾಲೇಜುಗಳಿಗೆ ಹೆಚ್ಚುಕಡಿಮೆ ಒಂದೇ ಪಠ್ಯವಾಯಿತು. ಹೊಳೆನರಸೀಪುರ, ಅರಕಲಗೂಡಿನಿಂದ ಬಸ್ಸು ಹಿಡಿದು ಹಾಸನಕ್ಕೆ ಬಂದು ಓದುತ್ತಿದ್ದವರಿಗೂ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಾಹುಬಲಿ ಕಾಲೇಜಿನಲ್ಲಿ ಓದುತ್ತಿದ್ದವರಿಗೂ ಲಿಂಕರ್ ಮೊದಲು ಪರಿಚಯವಾಗುತ್ತಿದ್ದದ್ದು ‘ಸಿಸ್ಟಂ ಸಾಫ್ಟ್‌ವೇರ್’ ವಿಷಯದಲ್ಲಿ. ಬಹುಕಾಲ ಆ ವಿಷಯಕ್ಕೆ ಲೆಲ್ಯಾಂಡ್ ಬೆಕ್ ಬರೆದ ಪುಸ್ತಕವೇ ಪಠ್ಯ. ಅದರಲ್ಲಿ ಬರುವ ಎಸ್‌ಐಸಿ ಎಂಬ ಯಂತ್ರ ಪಾಠಕ್ಕಾಗಿಯೇ ಕಲ್ಪಿಸಿಕೊಂಡದ್ದು, ಮೆಮೊರಿ 32,768 ಬೈಟ್. ಅದರ ದೊಡ್ಡಣ್ಣ ಎಸ್‌ಐಸಿ–ಎಕ್ಸ್‌ಇ ಯಂತ್ರಕ್ಕೆ ಪುಸ್ತಕ ಒಂದು ಬೂಟ್‌ಸ್ಟ್ರ್ಯಾಪ್ ಲೋಡರ್ ಬರೆದು ತೋರಿಸುತ್ತದೆ. ಅದು ಸೊನ್ನೆ ವಿಳಾಸದಲ್ಲಿ ಕೂತು, ಸಾಧನದಿಂದ ಬೈಟುಗಳನ್ನು ಓದುತ್ತ, ಹದಿನಾರಂಕಿ ಪದ್ಧತಿಯ 80ನೇ ವಿಳಾಸದಿಂದ ಒಂದರ ಹಿಂದೆ ಒಂದರಂತೆ ತುಂಬುತ್ತದೆ. ಅಲ್ಲಿ ವಿಳಾಸವೆಂದರೆ ಮೆಮೊರಿಯ ಜಾಗವೇ; ನಡುವೆ ಇನ್ನೊಂದು ಪದರವಿಲ್ಲ.

ಅದೇ ಪುಸ್ತಕದಲ್ಲಿ ಲಿಂಕಿಂಗ್ ಲೋಡರ್‌ನ ಎರಡು ಸುತ್ತಿನ ವಿಧಾನವೂ ಬರುತ್ತದೆ, ವರ್ಷವರ್ಷವೂ ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಭಾಗ ಅದು. ಪ್ರಾಗ್–ಎ, ಪ್ರಾಗ್–ಬಿ, ಪ್ರಾಗ್–ಸಿ ಎಂಬ ಮೂರು ತುಂಡುಗಳಿರುತ್ತವೆ. ಮೊದಲನೆಯದಕ್ಕೆ 4000 ಎಂಬ ವಿಳಾಸ ಸಿಕ್ಕರೆ, ಅದರ ಉದ್ದ 63 ಆದ್ದರಿಂದ ಎರಡನೆಯದು 4063ಕ್ಕೆ ಬರುತ್ತದೆ. ಗಮನಿಸಬೇಕಾದದ್ದು, ಆ 4000 ಎಂಬ ಅಂಕಿಯನ್ನು ಲಿಂಕಿಂಗ್ ಲೋಡರ್ ತಾನೇ ಹುಟ್ಟಿಸುವುದಿಲ್ಲ. ಆಪರೇಟಿಂಗ್ ಸಿಸ್ಟಂನಿಂದ ಕೇಳಿ ಪಡೆಯುತ್ತದೆ. ಪಡೆದ ಮೇಲೆ ತುಂಡುಗಳನ್ನು ಜೋಡಿಸುವುದು, ವಿಳಾಸ ತಿದ್ದುವುದು, ಮೆಮೊರಿಗೆ ತುಂಬುವುದು ಮೂರನ್ನೂ ಅದೊಂದೇ ಮಾಡುತ್ತದೆ. ಇಂದು ಲಿನಕ್ಸ್ ಕರ್ನಲ್ ಕಟ್ಟಲು ಬಳಸುವ ಲಿಂಕರ್ ಈ ಜಾತಿಯದ್ದಲ್ಲ. ಅದು ಅದೇ ಅಧ್ಯಾಯದಲ್ಲಿ ಮುಂದೆ ಬರುವ ಲಿಂಕೇಜ್ ಎಡಿಟರ್‌ನ ಜಾತಿ: ಕಡತಗಳನ್ನು ಓದಿ, ಜೋಡಿಸಿ, ಇನ್ನೊಂದು ಕಡತವನ್ನು ಡಿಸ್ಕಿಗೆ ಬರೆದು ತನ್ನ ಕೆಲಸ ಮುಗಿಸುತ್ತದೆ. ಲಿಂಕಿಂಗ್ ಲೋಡರ್‌ನ ವಿಧಾನವನ್ನು ಬಾಯಿಪಾಠ ಮಾಡಿ, ಲಿಂಕೇಜ್ ಎಡಿಟರನ್ನು ಪ್ರಯೋಗಾಲಯದಲ್ಲಿ ಬಳಸಿದವರು ಮೊದಲನೆಯದರ ಗುಣವನ್ನು ಎರಡನೆಯದಕ್ಕೆ ಹೊರಿಸುತ್ತಾರೆ. ತಪ್ಪು ಪುಸ್ತಕದ್ದಲ್ಲ; ಲೋಡಿಂಗ್, ರೀಲೊಕೇಶನ್, ಲಿಂಕಿಂಗ್ ಮೂರೂ ಬೇರೆ ಬೇರೆ ಕೆಲಸಗಳೆಂದು ಅಧ್ಯಾಯದ ಆರಂಭದಲ್ಲೇ ಅದು ಹೇಳಿರುತ್ತದೆ. ಪ್ರಶ್ನೆಪತ್ರಿಕೆಗೆ ಆ ವಾಕ್ಯ ಬೇಕಾಗುತ್ತಿರಲಿಲ್ಲ, ಅಷ್ಟೆ.

ಈಗ ನಂಬಿಕೆಯನ್ನು ಅಂಕಿಯಿಂದಲೇ ಪರೀಕ್ಷಿಸಬಹುದು. 64 ಬಿಟ್ಟಿನ ಇಂಟೆಲ್ ಜಾತಿಯ ಯಂತ್ರಗಳಿಗೆ ಕಟ್ಟಿದ ಲಿನಕ್ಸ್ ಕರ್ನಲ್‌ನ ಸಿಸ್ಟಂ ಮ್ಯಾಪ್‌ನಲ್ಲಿ ಕೋಡ್ ಶುರುವಾಗುವ ವಿಳಾಸ ಹದಿನಾರಂಕಿಯಲ್ಲಿ ಎಂಟು ಎಫ್‌ಗಳು, ಆಮೇಲೆ 81000000. ಅದು 64 ಬಿಟ್‌ಗಳಲ್ಲಿ ಬರೆಯಬಹುದಾದ ಸಂಖ್ಯೆಗಳ ಕಟ್ಟಕಡೆಯ ಅಂಚಿನಲ್ಲಿದೆ. ವಿಳಾಸವೆಂದರೆ ರ‍್ಯಾಮ್‌ನ ಜಾಗ ಎಂದಾದರೆ ಆ ಜಾಗ ಇರಬೇಕಾದ ಯಂತ್ರಕ್ಕೆ ಸುಮಾರು 1,718 ಕೋಟಿ ಜಿಬಿ ರ‍್ಯಾಮ್ ಬೇಕು. ಕಾಲೇಜಿನ ಪ್ರಯೋಗಾಲಯದ 8 ಜಿಬಿ ಯಂತ್ರದಲ್ಲಿ ಅದೇ ಕರ್ನಲ್ ಯಾವ ತಕರಾರೂ ಇಲ್ಲದೆ ಓಡುತ್ತದೆ. 32 ಬಿಟ್ಟಿನ ಕಾಲದಲ್ಲೂ ಹೀಗೆಯೇ ಇತ್ತು: ‘ಕರ್ನಲ್ 3 ಜಿಬಿಯಿಂದ ಮೇಲಕ್ಕೆ ಇರುತ್ತದೆ’ ಎಂದು ಓದಿಕೊಂಡವರ ಯಂತ್ರದಲ್ಲಿ ಇದ್ದದ್ದು 512 ಎಂಬಿ ರ‍್ಯಾಮ್. ಇಲ್ಲದ ಜಾಗದಲ್ಲಿ ಯಾರನ್ನೂ ಕೂರಿಸಲಾಗದು. ಆದ್ದರಿಂದ ಲಿಂಕರ್ ಬರೆದದ್ದು ರ‍್ಯಾಮ್‌ನ ಜಾಗವಲ್ಲ ಎಂದು ಇಷ್ಟರಿಂದಲೇ ಹೇಳಬಹುದು.

ಹಾಗಾದರೆ ಇಷ್ಟು ದೂರದ ಸಂಖ್ಯೆ ಏಕೆ? ಕಾರಣ ಪ್ರೊಸೆಸರ್‌ನ ಆದೇಶಗಳ ಆಕಾರದಲ್ಲಿದೆ. ಆ ಜಾತಿಯ ಪ್ರೊಸೆಸರ್ 64 ಬಿಟ್ಟಿನದ್ದಾದರೂ, ಅದರ ಹೆಚ್ಚಿನ ಆದೇಶಗಳೊಳಗೆ ವಿಳಾಸಕ್ಕೆಂದು ಇರುವ ಜಾಗ 32 ಬಿಟ್ ಮಾತ್ರ. ಆ 32 ಬಿಟ್ಟನ್ನು ಪ್ರೊಸೆಸರ್ ಚಿಹ್ನೆಯೊಂದಿಗೆ 64ಕ್ಕೆ ಹಿಗ್ಗಿಸಿಕೊಳ್ಳುತ್ತದೆ. ಧನ ಸಂಖ್ಯೆಯಾದರೆ ಮುಂದೆ ಸೊನ್ನೆಗಳು, ಋಣ ಸಂಖ್ಯೆಯಾದರೆ ಮುಂದೆ ಎಫ್‌ಗಳು. ಹೀಗಾಗಿ ಪುಟ್ಟ ಆದೇಶಗಳಿಂದ ನೇರ ಮುಟ್ಟಲು ಸಾಧ್ಯವಾಗುವುದು ವಿಳಾಸ ಶ್ರೇಣಿಯ ಮೊದಲ 2 ಜಿಬಿ ಮತ್ತು ಕೊನೆಯ 2 ಜಿಬಿ ಮಾತ್ರ. ಮೊದಲಿನ ಭಾಗ ಬಳಕೆದಾರರ ಪ್ರೋಗ್ರಾಂಗಳಿಗೆ ಹೋಗಿದೆ. ಉಳಿದದ್ದು ಕೊನೆಯದು. ಕರ್ನಲ್ ಕಟ್ಟುವಾಗ ಕಂಪೈಲರ್‌ಗೆ ‘ಕರ್ನಲ್’ ಎಂಬ ಪ್ರತ್ಯೇಕ ಕೋಡ್ ಮಾದರಿಯನ್ನೇ ಆರಿಸಿಕೊಡುವುದು ಇದಕ್ಕಾಗಿ. ಅಂದರೆ ವಿಳಾಸದ ಆಯ್ಕೆ ಲಿಂಕರ್‌ನದ್ದೂ ಅಲ್ಲ. ಪ್ರೊಸೆಸರ್ ಹಾಕಿದ ನಿರ್ಬಂಧ, ಕರ್ನಲ್ ಬರೆದವರು ಮಾಡಿದ ತೀರ್ಮಾನ, ಅದಕ್ಕೆ ಹೊಂದುವ ಕೋಡನ್ನು ಹುಟ್ಟಿಸಿದ ಕಂಪೈಲರ್, ಇವು ಮೂರೂ ಆದ ಮೇಲೆ ಲಿಂಕರ್ ಸ್ಕ್ರಿಪ್ಟಿಗೆ ಅಂಕಿ ಬರುತ್ತದೆ. ಹೇಳಿದ್ದನ್ನು ಲಿಂಕರ್ ಬರೆದುಕೊಳ್ಳುತ್ತದೆ.

ಎರಡನೆಯ ಹಂತದಲ್ಲಿ ವಾದ ಸ್ವಲ್ಪ ಸೂಕ್ಷ್ಮವಾಗುತ್ತದೆ. ಲಿಂಕರ್ ಬರೆಯುವುದು ಒಂದಲ್ಲ, ಎರಡು ವಿಳಾಸ. ಆಬ್ಜ್‌ಡಂಪ್ ಎಂಬ ಸಾಧನದಿಂದ ಕರ್ನಲ್ ಕಡತದ ಸೆಕ್ಷನ್‌ಗಳ ಪಟ್ಟಿ ತೆಗೆದರೆ ವಿಎಂಎ, ಎಲ್‌ಎಂಎ ಎಂಬ ಎರಡು ಕಾಲಂಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ. ಮೊದಲನೆಯದು ಕೋಡ್ ಓಡುವಾಗ ತಾನು ಯಾವ ವಿಳಾಸದಲ್ಲಿದ್ದೇನೆಂದು ತಿಳಿದಿರುತ್ತದೋ ಆ ವರ್ಚುವಲ್ ವಿಳಾಸ. ಎರಡನೆಯದು ತುಂಬುವವರಿಗೆ ಹೇಳಿದ ಭೌತಿಕ ವಿಳಾಸ. ಲಿನಕ್ಸ್‌ನ ಸ್ಕ್ರಿಪ್ಟ್ ಒಂದರಿಂದ ಇನ್ನೊಂದನ್ನು ಕಳೆದು ಪಡೆಯುತ್ತದೆ: ಎಂಟು ಎಫ್‌ಗಳ ನಂತರದ 81000000ರಿಂದ, ಎಂಟು ಎಫ್‌ಗಳ ನಂತರದ 80000000 ಕಳೆದರೆ ಉಳಿಯುವುದು ಹದಿನಾರಂಕಿಯ 1000000, ಎಂದರೆ 16 ಎಂಬಿ. ಚನ್ನರಾಯಪಟ್ಟಣದ ಅಂಚಿನ ಹೊಲ ಲೇಔಟ್ ಆದಾಗ ಪಹಣಿಯಲ್ಲಿದ್ದ ಸರ್ವೆ ನಂಬರ್ ಬೇರೆ, ಪುರಸಭೆ ಕೊಡುವ ಖಾತಾ ನಂಬರ್ ಬೇರೆ, ಮಣ್ಣು ಮಾತ್ರ ಅದೇ. ಒಂದೇ ಬೈಟಿಗೆ ಇರುವ ಈ ಎರಡು ವಿಳಾಸಗಳ ಸಂಬಂಧವೂ ಅಂಥದ್ದೇ. ಎರಡನ್ನೂ ಹೊಂದಿಸುವ ದಾಖಲೆ ಪೇಜ್ ಟೇಬಲ್. ಅದನ್ನು ಸಿದ್ಧಪಡಿಸಿ ಜಾರಿಗೆ ತರುವುದು ಬೂಟ್ ಆಗುವಾಗ ಓಡುವ ಕೋಡ್, ಪ್ರತಿ ವಿಳಾಸವನ್ನೂ ಅದರ ಪ್ರಕಾರ ಬದಲಿಸುವುದು ಪ್ರೊಸೆಸರ್‌ನ ಎಂಎಂಯು ಘಟಕ. ಲಿಂಕರ್ ಅಷ್ಟುಹೊತ್ತಿಗೆ ಇನ್ಯಾವುದೋ ಊರಿನ ಇನ್ಯಾವುದೋ ಯಂತ್ರದಲ್ಲಿ ಕೆಲಸ ಮುಗಿಸಿ ತಿಂಗಳುಗಳೇ ಆಗಿರಬಹುದು.

‘ಸರಿ, ವಿಎಂಎ ಬೇಡ, ಎಲ್‌ಎಂಎ ಆದರೂ ರ‍್ಯಾಮ್‌ನ ಜಾಗ ತಾನೇ?’ ಎಂದು ಕೇಳಬಹುದು. ಅದೂ ಸಲಹೆ ಮಾತ್ರ. ಬೂಟ್‌ಲೋಡರ್ ಎತ್ತಿಕೊಳ್ಳುವುದು ಲಿಂಕರ್ ಬರೆದ ಕಡತವನ್ನಲ್ಲ, ಅದನ್ನು ಕುಗ್ಗಿಸಿ ಮುಂದೊಂದು ಹಿಗ್ಗಿಸುವ ಕೋಡ್ ಅಂಟಿಸಿದ ಬಿಝಡ್‌ಇಮೇಜ್ ಎಂಬ ಕಡತವನ್ನು. ನಿಜವಾದ ಕರ್ನಲ್ ಎಲ್ಲಿ ಬಿಚ್ಚಿಕೊಳ್ಳಬೇಕೆಂದು ತೀರ್ಮಾನಿಸುವುದು ಆ ಹಿಗ್ಗಿಸುವ ಕೋಡ್. 2014ರಲ್ಲಿ ಬಂದ 3.14ನೇ ಆವೃತ್ತಿಯಿಂದ ಇಂಟೆಲ್ ಜಾತಿಯ ಯಂತ್ರಗಳಲ್ಲಿ ಅದು ಬೇಕೆಂದೇ ಪ್ರತಿ ಸಲ ಬೇರೆ ಜಾಗ ಆರಿಸಬಲ್ಲದು. ಕೆಎಎಸ್‌ಎಲ್‌ಆರ್ ಎಂಬ ಈ ಏರ್ಪಾಟು 2017ರ 4.12ರಿಂದ ಹೇಳದಿದ್ದರೂ ಚಾಲೂ ಇರುತ್ತದೆ. 64 ಬಿಟ್ ಯಂತ್ರದಲ್ಲಿ ಭೌತಿಕ ಜಾಗಕ್ಕೂ ವರ್ಚುವಲ್ ವಿಳಾಸಕ್ಕೂ ಬೇರೆ ಬೇರೆಯಾಗಿ ಚೀಟಿ ಎತ್ತಲಾಗುತ್ತದೆ. ವರ್ಚುವಲ್ ವಿಳಾಸ, ಮೇಲೆ ಕಳೆದ ಆ 80000000ರಿಂದ 16 ಎಂಬಿಯಿಂದ 1 ಜಿಬಿವರೆಗಿನ ಅಂತರದಲ್ಲಿ, 2 ಎಂಬಿಯ ಹೆಜ್ಜೆಗಳಲ್ಲಿ, ಎಲ್ಲಾದರೂ ಬೀಳಬಹುದು. ಇದನ್ನು ನೋಡಲು ಉಬುಂಟು ಹಾಕಿರುವ ಯಾವ ಯಂತ್ರವಾದರೂ ಸಾಕು. ರೂಟ್ ಅಧಿಕಾರದಲ್ಲಿ ಪ್ರಾಕ್ ಡೈರೆಕ್ಟರಿಯ ಕಾಲ್‌ಸಿಮ್ಸ್ ಕಡತ ತೆರೆದು ‘ಟೆಕ್ಸ್ಟ್’ ಎಂಬ ಚಿಹ್ನೆಯ ವಿಳಾಸ ಹುಡುಕಬೇಕು. (ಅಧಿಕಾರವಿಲ್ಲದೆ ತೆರೆದರೆ ಬರೀ ಸೊನ್ನೆಗಳು, ಅದು ದೋಷವಲ್ಲ, ಎಚ್ಚರಿಕೆ.) ಒಂದು ಸಲ ಕೊನೆಯ ಅಂಕಿಗಳು 97200000 ಎಂದಿದ್ದರೆ, ರೀಬೂಟ್ ಮಾಡಿದ ಮೇಲೆ 85600000 ಎಂದಿರಬಹುದು. ಡಿಸ್ಕಿನಲ್ಲಿರುವ ಸಿಸ್ಟಂ ಮ್ಯಾಪ್ ಮಾತ್ರ ಎರಡು ಸಲವೂ 81000000 ಎನ್ನುತ್ತದೆ. ಕಡತ ಒಂದೇ, ಲಿಂಕ್ ಆದದ್ದು ಒಂದೇ ಸಲ, ಕೂತ ಜಾಗ ಎರಡು. ಜಾಗವನ್ನು ಲಿಂಕರ್ ಕೊಟ್ಟದ್ದಾದರೆ ಇದು ಆಗುವಂತಿರಲಿಲ್ಲ.

ಇಲ್ಲಿ ಸ್ವಾರಸ್ಯದ ಒಂದು ಸಂಗತಿಯಿದೆ. ಜಾಗ ಬದಲಾದಾಗ ಕೋಡಿನೊಳಗೆ ಅಚ್ಚಾಗಿರುವ ಪೂರ್ಣ ವಿಳಾಸಗಳನ್ನೆಲ್ಲ ತಿದ್ದಬೇಕಾಗುತ್ತದೆ. ಯಾವ ಯಾವ ಸ್ಥಾನಗಳಲ್ಲಿ ತಿದ್ದಬೇಕೆಂಬ ಪಟ್ಟಿ ಕರ್ನಲ್ ಕಡತದ ಜೊತೆಯಲ್ಲೇ ಇರುತ್ತದೆ. ಹಿಗ್ಗಿಸುವ ಕೋಡ್ ಆ ಪಟ್ಟಿ ಹಿಡಿದು ಪ್ರತಿ ಸ್ಥಾನಕ್ಕೂ ವ್ಯತ್ಯಾಸವನ್ನು ಕೂಡಿಸುತ್ತ ಹೋಗುತ್ತದೆ. ಇದು ಬೆಕ್ ಪುಸ್ತಕದ ‘ಎಂ’ ದಾಖಲೆಗಳೇ, ಹೆಸರು ಬೇರೆ. ಕಲ್ಪಿತ ಯಂತ್ರದ ಪಾಠ ಹಳತಾಯಿತೆಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಹಾಗೆಂದು ಲಿಂಕರ್ ಬರೀ ಗುಮಾಸ್ತ ಎಂದು ತೀರ್ಮಾನಿಸಿದರೆ ಅದು ಇನ್ನೊಂದು ತಪ್ಪು. ಅದು ಕೊಡುವುದು ಜಾಗವನ್ನಲ್ಲ, ಸಂಬಂಧವನ್ನು. ಯಾವ ಭಾಗದ ನಂತರ ಯಾವ ಭಾಗ, ನಡುವೆ ಎಷ್ಟು ಅಂತರ, ಯಾವ ಗಡಿ ಎಲ್ಲಿ, ಇವುಗಳ ಮೇಲೆ ಲಿಂಕರ್‌ನ ಅಧಿಕಾರ ಪೂರ್ಣ, ಮತ್ತು ಕರ್ನಲ್ ಇವನ್ನು ನೆಚ್ಚಿಕೊಂಡಿರುವಷ್ಟು ಸಾಮಾನ್ಯ ಪ್ರೋಗ್ರಾಂ ಯಾವುದೂ ನೆಚ್ಚಿಕೊಂಡಿಲ್ಲ. ಸಾವಿರಾರು ಆಬ್ಜೆಕ್ಟ್ ಕಡತಗಳಲ್ಲಿ ಚದುರಿದ ಆದೇಶಗಳನ್ನು ಒಂದೆಡೆ, ಓದಲು ಮಾತ್ರ ಇರುವ ದತ್ತಾಂಶವನ್ನು ಒಂದೆಡೆ, ಬದಲಾಗುವ ದತ್ತಾಂಶವನ್ನು ಇನ್ನೊಂದೆಡೆ ಗುಡ್ಡೆ ಹಾಕಿ ಪೇಜ್ ಗಡಿಗೆ ಸರಿಯಾಗಿ ನಿಲ್ಲಿಸುವುದು ಅಂದಕ್ಕಲ್ಲ. ಪ್ರೊಸೆಸರ್ ಅನುಮತಿಯನ್ನು ಪೇಜಿನ ಲೆಕ್ಕದಲ್ಲಿ ಕೊಡುತ್ತದೆ. ಆದೇಶವೂ ಬದಲಾಗುವ ದತ್ತಾಂಶವೂ ಒಂದೇ ಪೇಜಿನಲ್ಲಿ ಬೆರೆತರೆ ‘ಬರೆಯಬಾರದು’, ‘ಓಡಿಸಬಾರದು’ ಎಂಬ ಎರಡು ಕಾವಲುಗಳಲ್ಲಿ ಒಂದನ್ನು ಕೈಬಿಡಬೇಕಾಗುತ್ತದೆ. ಬೂಟ್ ಆಗುವಾಗ ಒಮ್ಮೆ ಮಾತ್ರ ಬೇಕಾಗುವ ಕೋಡನ್ನು ಇನಿಟ್ ಎಂಬ ಪ್ರತ್ಯೇಕ ಭಾಗಕ್ಕೆ ಸೇರಿಸುವುದೂ ಹಾಗೆಯೇ. ಕೆಲಸ ಮುಗಿದ ಮೇಲೆ ಕರ್ನಲ್ ಆ ಭಾಗದ ಆರಂಭ ಮತ್ತು ಅಂತ್ಯದ ಗುರುತುಗಳ ನಡುವಿನ ಪೇಜುಗಳನ್ನು ಬಿಟ್ಟುಕೊಡುತ್ತದೆ. ಬಳಸದ ಮೆಮೊರಿಯನ್ನು ಬಿಡುಗಡೆ ಮಾಡಿದೆ ಎಂಬ ಒಂದು ಸಾಲು ಬೂಟ್ ದಾಖಲೆಯಲ್ಲಿ ಬರುತ್ತದೆ. ಆ ಎರಡು ಗುರುತುಗಳನ್ನು ಯಾವ ಸಿ ಕಡತವೂ ಹುಟ್ಟಿಸಿಲ್ಲ. ಅವು ಲಿಂಕರ್ ಸ್ಕ್ರಿಪ್ಟಿನಲ್ಲಿ ಹುಟ್ಟಿದವು.

ಇದಕ್ಕಿಂತ ಒಳ್ಳೆಯ ಉದಾಹರಣೆ ಇನಿಟ್‌ಕಾಲ್ ಪಟ್ಟಿಯದ್ದು. ಕರ್ನಲ್‌ನೊಳಗೇ ಸೇರಿಸಿ ಕಟ್ಟಿದ ಪ್ರತಿ ಡ್ರೈವರ್ ತನ್ನ ಆರಂಭದ ಫಂಕ್ಷನ್ನಿನ ಸುಳಿವನ್ನು ಒಂದು ವಿಶೇಷ ಸೆಕ್ಷನ್ನಿನಲ್ಲಿ ಇಟ್ಟುಬಿಡುತ್ತದೆ. ಯಾವ ಡ್ರೈವರಿಗೂ ಇನ್ನೊಂದರ ಸುದ್ದಿ ಗೊತ್ತಿರುವುದಿಲ್ಲ. ಲಿಂಕರ್ ಆ ಸುಳಿವುಗಳನ್ನೆಲ್ಲ ಹಂತವಾರು ಪಕ್ಕಪಕ್ಕದಲ್ಲಿ ಜೋಡಿಸಿದಾಗ, ಯಾರೂ ಬರೆಯದ ಒಂದು ಸಾಲುಪಟ್ಟಿ ತಾನಾಗಿ ಸಿದ್ಧವಾಗಿರುತ್ತದೆ. ಬೂಟ್ ಆಗುವಾಗ ಕರ್ನಲ್ ಅದರ ಮೊದಲ ಗುರುತಿನಿಂದ ಕೊನೆಯ ಗುರುತಿನವರೆಗೆ ನಡೆದು ಒಂದೊಂದನ್ನೇ ಕರೆಯುತ್ತದೆ. ಒಂದೇ ಹಂತದಲ್ಲಿರುವ ಎರಡು ಡ್ರೈವರುಗಳಲ್ಲಿ ಯಾವುದು ಮೊದಲು ಎಂಬುದು ಮೇಕ್‌ಫೈಲಿನಲ್ಲಿ ಅವುಗಳ ಹೆಸರು ಬಂದ ಕ್ರಮದ ಮೇಲೆ ನಿಂತಿದೆ, ಏಕೆಂದರೆ ಲಿಂಕರ್ ಅವನ್ನು ಆ ಕ್ರಮದಲ್ಲಿ ಎತ್ತಿಕೊಳ್ಳುತ್ತದೆ. ಈಚಿನ ಕರ್ನಲ್‌ಗಳಲ್ಲಿ ಈ ಪಟ್ಟಿಯೊಳಗೆ ಇರುವುದು ಪೂರ್ಣ ವಿಳಾಸವೂ ಅಲ್ಲ, ‘ಇಲ್ಲಿಂದ ಇಷ್ಟು ದೂರ’ ಎಂಬ 32 ಬಿಟ್ಟಿನ ಅಂತರ. ಕರ್ನಲ್ ಎಲ್ಲಿ ಕೂತರೂ ಅಂತರ ಬದಲಾಗುವುದಿಲ್ಲವಾದ್ದರಿಂದ ತಿದ್ದುವ ಕೆಲಸವೇ ಇಲ್ಲ.

ಲಿಂಕರ್ ಜೋಡಿಸಿದ ಚಿತ್ರವನ್ನೇ ‘ಮೆಮೊರಿಯಲ್ಲಿರುವ ಕರ್ನಲ್’ ಎಂದು ತಿಳಿಯುವುದೂ ಇದೇ ನಂಬಿಕೆಯ ಬಾಲ. ಪ್ರತಿ 4,096 ಬೈಟಿನ ಪೇಜಿಗೂ ಕರ್ನಲ್ ಸಾಮಾನ್ಯವಾಗಿ 64 ಬೈಟಿನ ಒಂದು ವಿವರಪತ್ರ ಇಟ್ಟುಕೊಳ್ಳುತ್ತದೆ. 8 ಜಿಬಿ ಯಂತ್ರದಲ್ಲಿ ಅಷ್ಟಕ್ಕೇ 128 ಎಂಬಿ ಬೇಕು. ಪೇಜ್ ಟೇಬಲ್‌ಗಳು, ಪ್ರತಿ ಪ್ರಕ್ರಿಯೆಯ ಕರ್ನಲ್ ಸ್ಟ್ಯಾಕ್, ಕಡತಗಳ ಕ್ಯಾಶ್ ಇವೆಲ್ಲ ಬೇರೆ. ಮೊದಲ ಕೆಲವನ್ನು ಬಿಟ್ಟರೆ ಇವು ಯಾವುವೂ ಲಿಂಕರ್ ಸ್ಕ್ರಿಪ್ಟಿನಲ್ಲಿಲ್ಲ, ಓಡುವಾಗ ಹುಟ್ಟುತ್ತವೆ. ಆಮೇಲೆ ಸೇರಿಸುವ ಮಾಡ್ಯೂಲ್‌ಗಳ ಕೊನೆಯ ವಿಳಾಸ ತಿದ್ದುವುದಂತೂ ಕರ್ನಲ್ಲೇ; ಆ ಗಳಿಗೆಯಲ್ಲಿ ಅದು ಪಠ್ಯಪುಸ್ತಕದ ಲಿಂಕಿಂಗ್ ಲೋಡರ್ ಆಗಿರುತ್ತದೆ.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಮೈಕ್ರೋಕಂಟ್ರೋಲರ್‌ನದ್ದು. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಎಲ್‌ಪಿಸಿ 2148 ಚಿಪ್ಪಿನಲ್ಲಿ ಎಂಎಂಯು ಇಲ್ಲ. 512 ಕೆಬಿ ಫ್ಲ್ಯಾಶ್ ಸೊನ್ನೆಯಿಂದ, 32 ಕೆಬಿ ರ‍್ಯಾಮ್ ಹದಿನಾರಂಕಿಯ 40000000ದಿಂದ ಶುರುವಾಗುತ್ತವೆ. ಲಿಂಕರ್ ಬರೆದ ವಿಳಾಸವೇ ಚಿಪ್ಪಿನ ವಿಳಾಸ. ಒಪ್ಪಬೇಕಾದದ್ದೇ. ಆದರೆ ಅಲ್ಲಿಯೂ ಆರಂಭದ ಬೆಲೆ ಇರುವ ಒಂದು ಗ್ಲೋಬಲ್ ಚರವನ್ನು ಹಿಂಬಾಲಿಸಿ ನೋಡಬೇಕು. ಅದರ ಬೆಲೆ ವಿದ್ಯುತ್ ಹೋದರೂ ಉಳಿಯಬೇಕಾದ್ದರಿಂದ ಫ್ಲ್ಯಾಶ್‌ನಲ್ಲಿರಬೇಕು. ಓಡುವಾಗ ಬದಲಾಗಬೇಕಾದ್ದರಿಂದ ರ‍್ಯಾಮ್‌ನಲ್ಲಿರಬೇಕು. ಲಿಂಕರ್ ಅದಕ್ಕೆ ಎರಡು ವಿಳಾಸ ಬರೆದು ಸುಮ್ಮನಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವುದು ‘ಮೇನ್’ಗಿಂತ ಮೊದಲು ಓಡುವ ಸ್ಟಾರ್ಟಪ್ ಕೋಡ್. ಆ ಸಾಲುಗಳನ್ನು ತೆಗೆದುಹಾಕಿದರೆ ಲಿಂಕರ್‌ನ ಲೆಕ್ಕ ಪೂರ್ತಿ ಸರಿಯಿದ್ದೂ ಚರದಲ್ಲಿ ಕಸ ಸಿಗುತ್ತದೆ. ಆದ್ದರಿಂದ ಈ ಚಿಪ್ಪು ನಂಬಿಕೆಗೆ ಸಾಕ್ಷಿಯಂತೆ ಕಂಡರೂ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಆಕ್ಷೇಪ: ಪೇಜ್ ಟೇಬಲ್ ಚಾಲೂ ಆಗುವ ಮುಂಚೆ ಕರ್ನಲ್‌ನ ಮೊದಲ ಆದೇಶಗಳು ಓಡಬೇಕಲ್ಲ, ಆಗ ಲಿಂಕರ್ ಬರೆದ ವಿಳಾಸ ತಪ್ಪಾಗಿದ್ದರೆ ಓಡುವುದು ಹೇಗೆ? ಆ ಆದೇಶಗಳನ್ನು ಎಲ್ಲಿಟ್ಟರೂ ಓಡುವಂತೆ, ತಮ್ಮಿಂದ ಇರುವ ದೂರದ ಲೆಕ್ಕದಲ್ಲೇ ಎಲ್ಲವನ್ನೂ ಮುಟ್ಟುವಂತೆ ಬರೆದಿರುತ್ತಾರೆ ಎಂಬುದು ಉತ್ತರ. ಎಂಐಟಿಯ ಪಾಠದ ಕರ್ನಲ್ ಎಕ್ಸ್‌ವಿ6ನ ಹಳೆಯ ಇಂಟೆಲ್ ಆವೃತ್ತಿಯಲ್ಲಿ ಇದು ಬರಿಗಣ್ಣಿಗೆ ಕಾಣುತ್ತದೆ: ಲಿಂಕ್ ಆಗುವುದು ಹದಿನಾರಂಕಿಯ 80100000ಕ್ಕೆ, ತುಂಬುವುದು 1 ಎಂಬಿಗೆ; ಪ್ರವೇಶದ ವಿಳಾಸದಿಂದ 80000000 ಕಳೆಯುವ ಲೆಕ್ಕವನ್ನು ಕೈಯಾರೆ ಬರೆದಿದ್ದಾರೆ. ಅದರ ಈಗಿನ ರಿಸ್ಕ್–ಫೈವ್ ಆವೃತ್ತಿಯಲ್ಲಿ ಎರಡೂ 80000000 ಆಗಿವೆ, ಅನುಕರಣ ಯಂತ್ರದ ರ‍್ಯಾಮ್ ಅಲ್ಲಿಂದಲೇ ಶುರುವಾಗುವುದರಿಂದ. ರ‍್ಯಾಮ್ 128 ಎಂಬಿ, ಅಂದರೆ 88000000ಕ್ಕೆ ಮುಗಿಯುತ್ತದೆ. ಸ್ಕ್ರಿಪ್ಟಿನಲ್ಲಿ 80000000 ಅಳಿಸಿ 90000000 ಎಂದು ಬರೆದರೆ ಲಿಂಕರ್ ಚಕಾರ ಎತ್ತದೆ ಕಡತ ಕಟ್ಟಿಕೊಡುತ್ತದೆ. ಅಲ್ಲಿ ರ‍್ಯಾಮ್ ಇಲ್ಲವೆಂಬುದು ಅದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾದ ಕಾರಣವೂ ಇಲ್ಲ.

ಇದೆಲ್ಲ ಮಾತಿನ ಮೇಲಿನ ತಕರಾರು, ಕೆಲಸಕ್ಕೆ ಏನೂ ವ್ಯತ್ಯಾಸವಿಲ್ಲ ಎಂಬುದು ಕೊನೆಯ ಆಕ್ಷೇಪ. ಕುಸಿದ ಕರ್ನಲ್‌ನ ವರದಿ ಓದಬೇಕಾಗಿ ಬಂದವರು ಹಾಗೆನ್ನಲಾರರು. ವರದಿಯ ಬರಿಯ ವಿಳಾಸವನ್ನು ಸಿಸ್ಟಂ ಮ್ಯಾಪ್‌ನಲ್ಲಿ ನೇರವಾಗಿ ಹುಡುಕಿದರೆ ಸಿಗುವುದು ಯಾವುದೋ ಸಂಬಂಧವಿಲ್ಲದ ಫಂಕ್ಷನ್, ಇಲ್ಲವೇ ಏನೂ ಇಲ್ಲ. ಕರ್ನಲ್ ಪೂರ್ತಿ ನಿಲ್ಲುವ ಮುಂಚೆ ‘ಕರ್ನಲ್ ಆಫ್‌ಸೆಟ್’ ಎಂಬ ಸಾಲನ್ನು ಮುದ್ರಿಸುತ್ತದೆ: ಲಿಂಕ್ ಆದ ವಿಳಾಸದಿಂದ ಈ ಸಲ ಎಷ್ಟು ದೂರ ಸರಿದು ಕೂತಿತ್ತು ಎಂಬ ಅಂಕಿ. ಮೇಲಿನ ಉದಾಹರಣೆಯ ಮೊದಲ ಬೂಟಿನಲ್ಲಿ ಅದು 16200000, ಎರಡನೆಯದರಲ್ಲಿ 4600000. ಮೊದಲು ಅದನ್ನು ಕಳೆಯಬೇಕು, ಆಮೇಲೆ ಪಟ್ಟಿ ನೋಡಬೇಕು. ಡೀಬಗರ್ ಹಚ್ಚುವವರು ಬೂಟ್ ಆದೇಶದಲ್ಲಿ ಕೆಎಎಸ್‌ಎಲ್‌ಆರ್ ಬೇಡವೆಂದು ಹೇಳಿಯೇ ಶುರುಮಾಡುವುದು ಇದೇ ಕಾರಣಕ್ಕೆ. ಪ್ರಾಜೆಕ್ಟಿಗೆಂದು ಹೊಸ ಬೋರ್ಡಿಗೆ ಪುಟ್ಟ ಕರ್ನಲ್ ಕೂರಿಸಲು ಹೊರಟ ವಿದ್ಯಾರ್ಥಿಯೂ ಲಿಂಕರ್ ಸ್ಕ್ರಿಪ್ಟಿನ ಅಂಕಿಯೊಂದನ್ನು ತಿದ್ದಿ ಫಲ ಕಾಣುವುದಿಲ್ಲ. ಬೋರ್ಡಿನ ರ‍್ಯಾಮ್ ಶುರುವಾಗುವ ವಿಳಾಸ, ಬೂಟ್‌ಲೋಡರ್ ತುಂಬುವ ವಿಳಾಸ, ಮೊದಲ ಪೇಜ್ ಟೇಬಲ್‌ನಲ್ಲಿರುವ ವ್ಯತ್ಯಾಸ ಇವುಗಳೊಂದಿಗೆ ಆ ಅಂಕಿ ತಾಳೆಯಾಗಬೇಕು, ಮತ್ತು ಆ ತಾಳೆ ನೋಡುವ ಸಾಧನ ಲಿಂಕರ್‌ನಲ್ಲಿಲ್ಲ.